ಇಮಾಂಬಕ್ಕ ಕಟ್ಟಿಕೊಟ್ಟ ಟೈರು

ಇಮಾಂಬಕ್ಕನ ಸೈಕಲ್ ಅಂಗಡಿಗೆ ಮೂರು ದಿನ ಹೋಗಿ, ಮೂರು ದಿನವೂ ಟೈರು ಆರಿಸದೆ ವಾಪಸು ಬಂದೆ. ನಾಲ್ಕನೆಯ ದಿನ ನಾನು ಹೊಸ್ತಿಲು ದಾಟುವ ಮೊದಲೇ ಅವಳು ಅಂದಳು: "ಏನೇ ವಾರಿಜಾ, ಗಂಡು ನೋಡೋಕೆ ಹೋಗಿದ್ರೂ ಇಷ್ಟೊತ್ತಿಗೆ ಒಂದು ಮಾತು ಹೇಳಿರ್ತಿದ್ದೆ. ಇದು ರಬ್ಬರ್ ಕಣೇ. ಬೇಡ ಅಂದ್ರೆ ಅಳಲ್ಲ."

ನಾನು ನಗಲಿಲ್ಲ. ನನಗೆ ಆಗ ನಗು ಬರುವ ಹಾಗಿರಲಿಲ್ಲ.

ನಮ್ಮೂರಿನಲ್ಲಿ ಟೈರು ಆರಿಸುವುದು ಸಣ್ಣ ವಿಷಯವಲ್ಲ. ಒಂದು ದಾರಿಯಲ್ಲಿ ಒಬ್ಬರು ಮೊದಲ ಸಲ ಸೈಕಲ್ಲು ತುಳಿದುಕೊಂಡು ಹೋದಾಗ ಬೀಳುವ ಗಾಲಿಯ ಗುರುತು ಅಳಿಯುವುದಿಲ್ಲ. ಎರಡನೆಯ ಸಲದ್ದು, ಹತ್ತನೆಯ ಸಲದ್ದು ಸಂಜೆಯ ಗಾಳಿಗೆ ಹೋಗಿಬಿಡುತ್ತದೆ. ಮೊದಲನೆಯದು ಮಾತ್ರ ಮಳೆಗೂ ಹೋಗುವುದಿಲ್ಲ, ಪೊರಕೆಗೂ ಹೋಗುವುದಿಲ್ಲ. ಅಂಗಳ ಗುಡಿಸುವವರು ಅದರ ಆಚೆ ಈಚೆ ಗುಡಿಸುತ್ತಾರೆ, ರಂಗೋಲಿ ಹಾಕುವವರು ಅದನ್ನು ಬಿಟ್ಟು ಎಳೆ ಎಳೆಯುತ್ತಾರೆ. ನಮ್ಮ ಬೀದಿಯ ಪಟೇಲರು ಎಳೆಯ ವಯಸ್ಸಿನಲ್ಲಿ ಸೈಕಲ್ಲು ಕಲಿಯುವಾಗ ನೆಟ್ಟಗೆ ಹೋಗಿ ಹುಣಸೆ ಮರಕ್ಕೆ ಗುದ್ದಿದ ಗೆರೆ ಇವತ್ತಿಗೂ ಇದೆ. ಅವರು ನ್ಯಾಯ ಹೇಳಲು ಅದೇ ಮರದ ಕೆಳಗೆ ಕೂರುತ್ತಾರೆ. ಯಾರಿಗೂ ತಿಳಿಯದ ಹಾಗೆ ಯಾರದೋ ಮನೆಗೆ ಹೋಗಬೇಕಾದವರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಾರೆ. ಹಾಗೆ ಹೊತ್ತವರನ್ನು ಕಂಡರೆ ನಾವು ಮುಖ ಆಚೆ ತಿರುಗಿಸುತ್ತೇವೆ. ಅದು ನಮ್ಮೂರಿನ ಮರ್ಯಾದೆ.

ಯಾವ ಗೆರೆ ಯಾರದು ಎಂದು ತಿಳಿಯಲು ಒಬ್ಬೊಬ್ಬರ ಟೈರಿಗೆ ಒಂದೊಂದು ಗುರುತು. ಕಾದ ಚೂರಿಯಲ್ಲಿ ರಬ್ಬರ್ ಕೊಯ್ದು ಅದನ್ನು ಮೂಡಿಸುವವಳು ಇಮಾಂಬಕ್ಕ. ಅವಳದು ಗುಬ್ಬಿಯ ಕಾಲು. ಸಂಜೆ ಶಾಲೆಯ ದೇವೀರಪ್ಪ ಮೇಷ್ಟ್ರದು ಬೇವಿನ ಎಲೆ. ನನಗೆ ಮೂವತ್ತೆಂಟು ವಯಸ್ಸಾದರೂ ನನ್ನದೆಂಬ ಗುರುತು ಇರಲಿಲ್ಲ. ಇನ್ನೊಬ್ಬರ ಗೆರೆಯೊಳಗೆ ಗಾಲಿ ಇಟ್ಟುಕೊಂಡು ಹೋದರೆ ನಮ್ಮದು ಬೀಳುವುದಿಲ್ಲ. ಮನೆಯಿಂದ ಅಕ್ಕಿ ಗಿರಣಿಗೆ ಅಪ್ಪನ ಗೆರೆಯಲ್ಲಿ ಹೋಗುತ್ತಿದ್ದೆ. ಗಿರಣಿಯಲ್ಲಿ ಹಗಲೆಲ್ಲ ಚೀಲ ಹೊಲಿದು, ಅಲ್ಲಿಂದ ಸಂಜೆ ಶಾಲೆಗೆ ಜೊತೆಯವರ ಗೆರೆಯಲ್ಲಿ ಹೋಗುತ್ತಿದ್ದೆ. ಯಾರೂ ಬೈಯುತ್ತಿರಲಿಲ್ಲ. ಯಾರೂ ಕೇಳುತ್ತಲೂ ಇರಲಿಲ್ಲ.

ಸಂಜೆ ಶಾಲೆಯಲ್ಲಿ ನಾನು ಕಲಿತದ್ದು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೂಡಿಸುವ ವಿದ್ಯೆ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಶಾಲೆಯಿಂದ ಒಬ್ಬರು ಗಾಜಿನ ಪೆಟ್ಟಿಗೆ ಕಟ್ಟಿಕೊಂಡು ಹನ್ನೊಂದು ಹಳ್ಳಿ ಸುತ್ತಿ ಬರಬೇಕು. ಹನ್ನೆರಡು ದಿನದ ಸುತ್ತು. ಹತ್ತೊಂಬತ್ತು ವರ್ಷ ಅದನ್ನು ದೇವೀರಪ್ಪ ಮೇಷ್ಟ್ರು ಮಾಡಿದರು. ಆ ವರ್ಷ ಅವರ ಸೊಂಟ ಹಿಡಿದುಕೊಂಡಿತು. "ವಾರಿಜಾ ಹೋಗಲಿ" ಎಂದರು. ನಾನು ಆಗಲ್ಲ ಎನ್ನುವುದರೊಳಗೆ ಎಲ್ಲರೂ ತಲೆಯಾಡಿಸಿಬಿಟ್ಟರು. ಪೆಟ್ಟಿಗೆಯಲ್ಲಿ ಇನ್ನೂರ ಹದಿನಾರು ಗಾಜುಗಳು, ಮಖಮಲ್ಲಿನ ಗೂಡುಗಳಲ್ಲಿ ಸಾಲಾಗಿ. ಶಾಲೆಯ ಕಪಾಟಿನಲ್ಲಿ ಉಳಿಯುವ ಬೆರಳೆಣಿಕೆಯ ಗಾಜು ಬಿಟ್ಟರೆ ಇಡೀ ವರ್ಷಕ್ಕೆ ಇರುವುದು ಅಷ್ಟೇ. ಪೆಟ್ಟಿಗೆ ಬಿದ್ದರೆ ಹನ್ನೊಂದು ಹಳ್ಳಿಯ ಜನ ಮುಂದಿನ ಸುಗ್ಗಿಯ ತನಕ ಮಬ್ಬಿನಲ್ಲೇ ಇರಬೇಕು.

ನಾಲ್ಕನೆಯ ದಿನ ಇಮಾಂಬಕ್ಕ ನನ್ನನ್ನೂ ಸೈಕಲ್ಲನ್ನೂ ಪೆಟ್ಟಿಗೆಯನ್ನೂ ಗುಡಾರವನ್ನೂ ನೀರಿನ ಕ್ಯಾನನ್ನೂ ಗಿರಣಿಯ ತಕ್ಕಡಿಗೆ ಹಾಕಿಸಿ ತೂಗಿದಳು. ನಾನು ನಾಚಿಕೆಯಿಂದ ಉಸಿರು ಬಿಗಿಹಿಡಿದೆ.

"ಉಸಿರು ಹಿಡಿದ್ರೆ ತೂಕ ಕಮ್ಮಿ ಆಗಲ್ಲ, ಬಿಡು" ಅಂದಳು. ಆಮೇಲೆ ಎರಡು ಟೈರು ತಂದು ನನ್ನ ಮುಂದಿಟ್ಟಳು. ಒಂದು ಒಂದೂಕಾಲು ಇಂಚಿನದು, ಇನ್ನೊಂದು ಎರಡು ಇಂಚಿನದು. "ನೋಡು. ಸಣ್ಣದಕ್ಕೆ ಗಾಳಿ ಗಟ್ಟಿಯಾಗಿ ಹಾಕಬೇಕು, ಇಲ್ಲದಿದ್ರೆ ಭಾರಕ್ಕೆ ಕೂತುಬಿಡತ್ತೆ. ಗಟ್ಟಿ ಹಾಕಿದ್ರೆ ದಾರೀಲಿರೋ ಒಂದೊಂದು ಕಲ್ಲೂ ನೆಟ್ಟಗೆ ಪೆಟ್ಟಿಗೆಗೆ ಹೋಗತ್ತೆ. ಇದು ದಪ್ಪ. ಸ್ವಲ್ಪ ಮೆತ್ತಗೆ ಬಿಟ್ರೂ ತಡಕೊಳ್ಳತ್ತೆ. ಕಲ್ಲನ್ನ ಟೈರು ನುಂಗಬೇಕು ಕಣೇ, ಗಾಜು ನುಂಗಬಾರದು."

"ಮೇಷ್ಟ್ರದು ಸಣ್ಣ ಟೈರು" ಎಂದೆ.

"ಯಾರು ಹೇಳಿದ್ರು?"

ನಾನು ಜೇಬಿನಿಂದ ದಾರ ತೆಗೆದು ತೋರಿಸಿದೆ. ಶಾಲೆಯ ಬಾಗಿಲಲ್ಲಿ ಮೇಷ್ಟ್ರು ಮೊದಲ ಸುತ್ತಿಗೆ ಹೊರಟ ಗೆರೆ ಇದೆ. ಹತ್ತೊಂಬತ್ತು ವರ್ಷದ ಹಳೆಯದು. ಊರವರು ಅದರ ಸುತ್ತ ಸುಣ್ಣ ಬಳಿದ ಕಲ್ಲು ಇಟ್ಟಿದ್ದಾರೆ. ನಾನು ಯಾರೂ ಇಲ್ಲದಾಗ ಹೋಗಿ ದಾರ ಹಿಡಿದು ಅಳೆದಿದ್ದೆ. ಸರಿಯಾಗಿ ಒಂದೂಕಾಲು ಇಂಚು.

ಇಮಾಂಬಕ್ಕ ದಾರವನ್ನೂ ನನ್ನ ಮುಖವನ್ನೂ ನೋಡಿದಳು. "ಅವರ ಗೆರೆಯೊಳಗೇ ಹನ್ನೆರಡು ದಿನ ಹೋಗ್ಬೇಕು ಅಂತಲಾ?"

"ದಾರಿ ತಪ್ಪಬಾರದಲ್ಲ ಅಕ್ಕ."

"ದಾರಿ ತಪ್ಪಿದ್ರೆ ಜನ ನೋಡ್ತಾರೆ ಅಂತ."

ನಾನು ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಂಡೆ. ಅದು ನಿಜವಾಗಿತ್ತು. ನಾನು ಎಲ್ಲಿ ಓಲಾಡಿದೆ, ಎಲ್ಲಿ ಬಿದ್ದೆ, ಎಲ್ಲಿ ತಪ್ಪು ತಿರುವಿನಲ್ಲಿ ಹೋಗಿ ಹಿಂದೆ ಬಂದೆ ಎಂಬುದೆಲ್ಲ ನಾನು ಸತ್ತ ಮೇಲೂ ಮಣ್ಣಿನಲ್ಲಿ ಇರುತ್ತದೆ ಎಂದು ನೆನೆದರೆ ನನಗೆ ಹ್ಯಾಂಡಲ್ಲು ಹಿಡಿಯಲು ಮನಸ್ಸಾಗುತ್ತಿರಲಿಲ್ಲ.

"ಅವರು ಕಡ್ಡಿ ಥರಾ ಇದ್ದೋರು. ಆಗ ಪೆಟ್ಟಿಗೇಲಿ ಗಾಜೂ ಅರ್ಧಕ್ಕರ್ಧ ಇತ್ತು" ಅಂದಳು ಇಮಾಂಬಕ್ಕ. "ನಿನ್ನ ಭಾರಕ್ಕೆ ನಿನ್ನ ಟೈರು."

"ಸಣ್ಣದೇ ಕೊಡು ಅಕ್ಕ. ಗುರುತು ಏನೂ ಕೊಯ್ಯಬೇಡ. ಬೋಳಾಗೇ ಇರಲಿ."

ಅವಳು ಜಗಳವಾಡಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಸಣ್ಣ ಟೈರು ಹಾಕಿದಳು, ಗಟ್ಟಿಯಾಗಿ ಗಾಳಿ ತುಂಬಿದಳು. ಮಡ್‌ಗಾರ್ಡ್‌ಗಳನ್ನು ಬಿಚ್ಚಿ ಎರಡೆರಡು ಬೆರಳು ಮೇಲೆತ್ತಿ ಕೂರಿಸಿದಳು. ಯಾಕೆ ಎಂದು ಕೇಳಿದ್ದಕ್ಕೆ "ಕೆಸರು ಸಿಕ್ಕಿಕೊಳ್ಳಲ್ಲ" ಅಂದಳು. ಸುಗ್ಗಿಯ ಮೇಲೆ ಕೆಸರೆಲ್ಲಿಂದ ಬರಬೇಕು. ಹೊರಡುವ ಬೆಳಗ್ಗೆ ಶಾಲೆಯ ಬಾಗಿಲಿಗೆ ಬಂದು, ಗೋಣಿಚೀಲದ ಒಂದು ಗಂಟನ್ನು ಕ್ಯಾರಿಯರಿನ ಮೇಲೆ, ಪೆಟ್ಟಿಗೆಯ ಹಿಂದೆ, ಹಗ್ಗ ಹಾಕಿ ಬಿಗಿದಳು.

"ಏನಿದು?"

"ಕೂತ್ಕೊಳ್ಳೋಕೆ ಮೆತ್ತಗಿರತ್ತೆ. ಬಿಚ್ಚಬೇಡ, ಬೇಕಾದಾಗ ಬಿಚ್ಚು."

ದೇವೀರಪ್ಪ ಮೇಷ್ಟ್ರು ಊರುಗೋಲು ಹಿಡಿದು ನಿಂತಿದ್ದರು. "ನಿಧಾನ, ವಾರಿಜಾ" ಎಂದರು. ಬೇರೇನಾದರೂ ಹೇಳುತ್ತಾರೆ ಎಂದು ಕಾದೆ. ಅವರು ಇಮಾಂಬಕ್ಕನ ಕಡೆ ಒಮ್ಮೆ ನೋಡಿ ಸುಮ್ಮನಾದರು. ನಾನು ಬೇವಿನ ಎಲೆಗಳ ಗೆರೆಯೊಳಗೆ ಗಾಲಿ ಇಟ್ಟು ತುಳಿದೆ. ಹಿಂದಿರುಗಿ ನೋಡಿದಾಗ ನೆಲದ ಮೇಲೆ ನನ್ನದು ಏನೂ ಇರಲಿಲ್ಲ. ನನಗೆ ಸಮಾಧಾನವಾಯಿತು.

ಮೊದಲೆರಡು ದಿನ ಚೆನ್ನಾಗಿಯೇ ಹೋಯಿತು. ದಾರಿ ಗಟ್ಟಿ ಮಣ್ಣಿನದು. ಮೇಷ್ಟ್ರು ಎಲ್ಲಿ ಇಳಿದು ನಡೆದಿದ್ದರೋ ಅಲ್ಲಿ ನಾನೂ ಇಳಿದು ನಡೆದೆ. ಅವರ ಗೆರೆಯ ಎಡಗಡೆ, ಒಂದು ಮಾರು ದೂರದಲ್ಲಿ, ಗುಬ್ಬಿಯ ಕಾಲಿನ ಇನ್ನೊಂದು ಗೆರೆ ಇತ್ತು. ಇಮಾಂಬಕ್ಕನದು. ಅವಳಿಗೆ ಈ ಕಡೆ ಯಾರೋ ನೆಂಟರಿರಬೇಕು ಎಂದುಕೊಂಡೆ. ಹಳ್ಳಿಗಳಲ್ಲಿ ಜನ ಜಗಲಿಯ ಮೇಲೆ ಚಾಪೆ ಹಾಸಿ ನನಗಾಗಿ ಕಾಯುತ್ತಿದ್ದರು. ನಾನು ಒಬ್ಬೊಬ್ಬರ ಕಣ್ಣ ಮುಂದೆ ಗಾಜು ಬದಲಾಯಿಸಿ "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ" ಎಂದು ಎರಡೆರಡು ಸಲ ಕೇಳಿದೆ. ಒಬ್ಬ ಅಜ್ಜಿ "ನಿನಗೇ ನಂಬಿಕೆ ಇಲ್ವೇನವ್ವ" ಎಂದಳು. ಕನ್ನಡಕ ಹಾಕಿಕೊಂಡ ಮೇಲೆ ತನ್ನ ಕೈಯ ಬಳೆಗಳನ್ನು ಎಣಿಸಿ, "ಒಂದು ಒಡೆದಿದೆ, ಯಾರೂ ಹೇಳೇ ಇಲ್ಲ ನೋಡು" ಎಂದು ಸೊಸೆಯ ಕಡೆ ತಿರುಗಿದಳು.

ಎರಡನೆಯ ಹಳ್ಳಿಯಲ್ಲಿ ಭಾರ ಕಡಿಮೆ ಮಾಡೋಣವೆಂದು ಆ ಗೋಣಿ ಗಂಟನ್ನು ಬಿಟ್ಟು ಹೋಗಲು ನೋಡಿದೆ. ಮನೆಯೊಡತಿ ಇಟ್ಟುಕೊಳ್ಳಲು ಒಪ್ಪಿಯೂ ಇದ್ದಳು. ಹಗ್ಗಕ್ಕೆ ಕೈ ಹಾಕಿದಾಗ ಇಮಾಂಬಕ್ಕ ಹಾಕಿದ್ದ ಗಂಟು ಕಾಣಿಸಿತು. ನಾಲ್ಕು ಸುತ್ತು ಸುತ್ತಿ, ತುದಿ ಒಳಗೆ ಸೇರಿಸಿ, ಮೇಲೊಂದು ದಾರದ ಹೊಲಿಗೆ. ಚೀಲ ಹೊಲಿಯುವ ನನಗೆ ಆ ಹೊಲಿಗೆಯ ಶ್ರಮ ಗೊತ್ತು. ಕೈ ಹಿಂದೆ ತೆಗೆದೆ.

ಮೂರನೆಯ ದಿನ ಕಲ್ಲಿನ ಹರವು ಶುರುವಾಯಿತು. ಮುಷ್ಟಿಯಷ್ಟು ದೊಡ್ಡ ಕಲ್ಲುಗಳು, ಮಣ್ಣಿನಲ್ಲಿ ಅರ್ಧ ಹೂತವು. ಗಾಳಿ ಗಟ್ಟಿಯಿದ್ದುದರಿಂದ ಹಿಂದಿನ ಪೆಟ್ಟಿಗೆ ಕಟಕಟ ಎನ್ನುತ್ತಿತ್ತು. ಆ ಶಬ್ದ ನನ್ನ ಹಲ್ಲಿನೊಳಗೆ ಕೇಳುತ್ತಿತ್ತು. ತಡೆಯಲಾರದೆ ಗಾಳಿ ಸ್ವಲ್ಪ ಬಿಟ್ಟೆ. ನೂರು ಗಜ ಹೋಗುವಷ್ಟರಲ್ಲಿ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿ ಪಕ್ಕಪಕ್ಕದಲ್ಲಿ ಎರಡು ತೂತಾಯಿತು. ತೇಪೆ ಹಾಕಿದೆ. ಮತ್ತೆ ಆಯಿತು. ಮತ್ತೆ ಗಟ್ಟಿಯಾಗಿ ತುಂಬಿದೆ, ಮತ್ತೆ ಕಟಕಟ. ನಾಲ್ಕನೆಯ ದಿನ ನಡುಮಧ್ಯಾಹ್ನ ಐದನೆಯ ಪಂಚರ್ ಆದಾಗ ನನ್ನ ಬಳಿ ತೇಪೆಯ ರಬ್ಬರ್ ಮುಗಿಯುತ್ತ ಬಂದಿತ್ತು. ಪೆಟ್ಟಿಗೆಯನ್ನು ಇಳಿಸಿ ತೆರೆದೆ. ಎರಡು ಗಾಜು ಸೀಳಿದ್ದವು. ಎರಡೂ ಒಂದೇ ನಂಬರಿನವು.

ನಾನು ಕಲ್ಲಿನ ಮೇಲೆ ಕೂತೆ. ಹಿಂದೆ ಹೋದರೆ ಎಂಟು ಹಳ್ಳಿಗೆ ಕನ್ನಡಕವಿಲ್ಲ. ಮುಂದೆ ಹೋದರೆ ಪೆಟ್ಟಿಗೆಯಲ್ಲಿ ಗಾಜೇ ಉಳಿಯುವುದಿಲ್ಲ. ಮೇಷ್ಟ್ರಿಗೆ ಹೇಗೆ ಆಯಿತು, ನನಗೇಕೆ ಆಗುತ್ತಿಲ್ಲ ಎಂದು ಯೋಚಿಸುತ್ತ ಅವರ ಗೆರೆಯ ಕಡೆ ನೋಡಿದೆ.

ಮೂರೂವರೆ ದಿನ ಆ ಗೆರೆಯೊಳಗೇ ಬಂದಿದ್ದೆ, ಆದರೆ ಗಾಲಿ ಅದರೊಳಗೆ ಇದೆಯೋ ಇಲ್ಲವೋ ಎಂದು ನೋಡಿದ್ದೆನೇ ಹೊರತು ಗೆರೆಯನ್ನು ನೋಡಿರಲಿಲ್ಲ. ಈಗ ನೋಡಿದೆ. ನಾನು ಕೂತಿದ್ದ ಕಲ್ಲಿನಿಂದ ಹತ್ತು ಹೆಜ್ಜೆ ಮುಂದೆ ಬೇವಿನ ಎಲೆಗಳು ಓಲಾಡಿದ್ದವು. ಎಡಕ್ಕೆ ಎಳೆದು, ಬಲಕ್ಕೆ ಎಳೆದು, ಒಂದು ಕಡೆ ಪೂರ್ತಿ ಅಡ್ಡ ಬಿದ್ದು ಉಜ್ಜಿದ್ದವು. ಮೇಷ್ಟ್ರು ಇಲ್ಲಿ ಬಿದ್ದಿದ್ದರು. ಅಲ್ಲಿಗೆ ಆ ಸಣ್ಣ ಗೆರೆ ಮುಗಿದಿತ್ತು. ಅದೇ ಜಾಗದಿಂದ ಮುಂದಕ್ಕೆ ಬೇವಿನ ಎಲೆಯ ಬೇರೊಂದು ಗೆರೆ ಹೊರಟಿತ್ತು. ಅಗಲವಾದದ್ದು. ದಾರ ತೆಗೆದು ಅಳೆದೆ. ಎರಡು ಇಂಚು.

ಎಡಗಡೆ ನೋಡಿದೆ. ಊರಿನಿಂದ ನನ್ನ ಜೊತೆಜೊತೆಗೇ ಬಂದಿದ್ದ ಗುಬ್ಬಿಯ ಕಾಲುಗಳು ಮೇಷ್ಟ್ರು ಬಿದ್ದ ಜಾಗದ ತನಕ ಬಂದು, ಅಲ್ಲಿ ಒಂದು ಸಣ್ಣ ಸುತ್ತು ಹಾಕಿ, ಊರ ಕಡೆಗೆ ತಿರುಗಿ ಹೋಗಿದ್ದವು. ಅದರಾಚೆ ಒಂದೂ ಇರಲಿಲ್ಲ. ಅವಳಿಗೆ ಈ ಕಡೆ ಯಾವ ನೆಂಟರೂ ಇರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಅವಳು ಇಷ್ಟು ದೂರ ಸೈಕಲ್ಲು ತುಳಿದುಕೊಂಡು ಇಲ್ಲಿಗೆ ಟೈರು ತಂದುಕೊಟ್ಟು ಹೋಗಿದ್ದಳು.

ಗೋಣಿ ಗಂಟನ್ನು ಬಿಚ್ಚಿದೆ. ಒಳಗೆ, ಮೂರು ಸುತ್ತಾಗಿ ಮಡಚಿ ಕಟ್ಟಿದ ಎರಡು ಇಂಚಿನ ಟೈರುಗಳು, ಎರಡು. ಟ್ಯೂಬು ಎರಡು. ಟೈರು ಕೀಳುವ ಪಟ್ಟಿ. ಅರ್ಧ ತೆಂಗಿನ ಚಿಪ್ಪಿನಲ್ಲಿ ಮೇಣ. ಆಗ ಮಡ್‌ಗಾರ್ಡ್ ನೆನಪಾಯಿತು. ಎರಡು ಬೆರಳಿನ ಆ ಸಂದು ಈ ಟೈರಿಗೆ ಬಿಟ್ಟ ಜಾಗವಾಗಿತ್ತು.

ನಾನು ಅಳುವವಳಲ್ಲ. ಅಂದು ಮಾತ್ರ ಒಂದು ಕೈಯಲ್ಲಿ ಟೈರು ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತೆ. ಅವಳು ನನ್ನ ಜೊತೆ ಜಗಳವಾಡಬಹುದಿತ್ತು. ನಾನು ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮೇಷ್ಟ್ರು ಬಿದ್ದದ್ದನ್ನು ಹೇಳಿ ನನ್ನನ್ನು ಒಪ್ಪಿಸಬಹುದಿತ್ತು. ಅದನ್ನೂ ಮಾಡಲಿಲ್ಲ. ಎರಡೂ ಟೈರಿನ ತೂಕವನ್ನು ನನ್ನ ಬೆನ್ನ ಹಿಂದೆ ಕಟ್ಟಿ, ಬೇಕಾದಾಗ ಬಿಚ್ಚು ಎಂದಳು.

ಹಿಂದಿನ ಗಾಲಿಗೆ ಹಾಕುವಾಗ ರಬ್ಬರಿನ ಮೇಲೆ ಬೆರಳಿಗೆ ಏನೋ ತಾಗಿತು. ಗುರುತು ಕೊಯ್ದಿದ್ದಳು. ನನ್ನನ್ನು ಕೇಳಿರಲಿಲ್ಲ. ಎರಡು ಸಣ್ಣ ಗುಂಡು, ನಡುವೆ ಒಂದು ಗೀಟು. ಕನ್ನಡಕ. ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದಾಗಿತ್ತು. ಚೂರಿ ಆರಿಹೋಗಿರಬೇಕು, ಅಥವಾ ಆತುರವಿದ್ದಿರಬೇಕು.

ಗಾಳಿ ಮೆತ್ತಗೆ ಹಾಕಿ, ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಸ್ವಲ್ಪ ಒಳಗೆ ಹೋಯಿತು. ಪೆಟ್ಟಿಗೆಯ ಕೆಳಗೆ ಖಾಲಿ ಗೋಣಿಯನ್ನು ಮಡಚಿ ಹೊಲಿದು ಇಟ್ಟೆ. ಹೊರಟಾಗ ಮೊದಲು ಮೇಷ್ಟ್ರ ಅಗಲದ ಗೆರೆಯೊಳಗೇ ಗಾಲಿ ಇಟ್ಟೆ, ಸುಳ್ಳು ಹೇಳುವುದಿಲ್ಲ. ಐವತ್ತು ಗಜ ಹೋದ ಮೇಲೆ ಅವರ ಗೆರೆ ಕಡಿದಾದ ಒಂದು ಹಳ್ಳಕ್ಕೆ ಇಳಿಯಿತು. ಹಗುರವಾಗಿದ್ದ ಅವರಿಗೆ ಅದು ಸರಿ. ನನ್ನ ಭಾರಕ್ಕೆ ಅಲ್ಲ. ಬಲಗಡೆ ಬಳಸಿಕೊಂಡು ಹೋಗಲು ಸಮನಾದ ನೆಲ ಕಂಡಿತು. ಅಲ್ಲಿ ಯಾರ ಗೆರೆಯೂ ಇರಲಿಲ್ಲ. ನಾನು ಎರಡು ಸಲ ಇಳಿದೆ, ಎರಡು ಸಲ ಹತ್ತಿದೆ. ಆಮೇಲೆ ಹ್ಯಾಂಡಲ್ಲನ್ನು ಬಲಕ್ಕೆ ತಿರುಗಿಸಿದೆ. ಕಲ್ಲುಗಳು ಒಂದೊಂದಾಗಿ ಟೈರಿನೊಳಗೆ ಮುಳುಗಿ ಹಿಂದೆ ಹೋದವು. ಪೆಟ್ಟಿಗೆ ಸದ್ದು ಮಾಡಲಿಲ್ಲ. ತಿರುಗಿ ನೋಡಿದರೆ ಮಣ್ಣಿನ ಮೇಲೆ ಸೊಟ್ಟಸೊಟ್ಟ ಕನ್ನಡಕಗಳು, ಸಾಲಾಗಿ, ಆಕಾಶ ನೋಡುತ್ತ ಮಲಗಿದ್ದವು.

ಉಳಿದ ಎಂಟು ದಿನದಲ್ಲಿ ಒಂದೂ ಪಂಚರ್ ಆಗಲಿಲ್ಲ, ಒಂದೂ ಗಾಜು ಸೀಳಲಿಲ್ಲ. ಎರಡು ಸಲ ದಾರಿ ತಪ್ಪಿದೆ. ಎರಡೂ ಅಲ್ಲೇ ಇವೆ, ಯಾರು ಬೇಕಾದರೂ ಹೋಗಿ ನೋಡಬಹುದು.

ಕೊನೆಯ ಹಳ್ಳಿಯಲ್ಲಿ ಕಂಬಳಿ ನೇಯುವ ಬೀರಜ್ಜನ ಕಣ್ಣು ನೋಡಿದೆ. ಅವನಿಗೆ ಬೇಕಾದದ್ದು ಆ ಸೀಳಿದ ನಂಬರೇ. ಆ ನಂಬರಿನಲ್ಲಿ ಉಳಿದಿದ್ದದ್ದು ಒಂದೇ ಗಾಜು. ಇನ್ನೊಂದು ಕಣ್ಣಿಗೆ ಹತ್ತಿರದ ನಂಬರು ಹಾಕಿಕೊಡಬಹುದಿತ್ತು. ಅವನಿಗೆ ತಿಳಿಯುತ್ತಿರಲಿಲ್ಲ, ಬರೀ ತಲೆನೋವು ಬರುತ್ತಿತ್ತು. ನಾನು ಅವನ ಮುಂದೆ ಕೂತು ನಡೆದದ್ದೆಲ್ಲ ಹೇಳಿದೆ. ಸಣ್ಣ ಟೈರು ನಾನೇ ಕೇಳಿ ಹಾಕಿಸಿಕೊಂಡದ್ದು ಎಂದೂ ಹೇಳಿದೆ.

ಬೀರಜ್ಜ ಒಂದು ಗಾಜಿನ ಕನ್ನಡಕ ಹಾಕಿಕೊಂಡು, ಇನ್ನೊಂದು ಕಣ್ಣು ಮುಚ್ಚಿ, ಮಗ್ಗದ ಮೇಲೆ ಕಡಿದ ಎಳೆಯೊಂದನ್ನು ಹುಡುಕಿ ಗಂಟು ಹಾಕಿದ. "ನಾಲ್ಕು ತಿಂಗಳಾಗಿತ್ತು ತಾಯಿ, ಈ ಗಂಟು ನಾನೇ ಹಾಕಿ" ಎಂದ. "ಮೊಮ್ಮಗಳನ್ನ ಕರೀಬೇಕಿತ್ತು. ಅವಳು ಬರೋ ಹೊತ್ತಿಗೆ ನಂಗೆ ಸಿಟ್ಟು ಬಂದಿರ್ತಿತ್ತು."

"ಇನ್ನೊಂದು ಗಾಜನ್ನ ಊರಿಗೆ ಹೋದ ತಕ್ಷಣ ರಾಗಿ ಗಾಡಿಯವರ ಕೈಲಿ ಕಳಿಸ್ತೀನಿ, ಅಜ್ಜ. ಮರೆಯಲ್ಲ."

"ಮರೆಯೋ ಮುಖ ಅಲ್ಲ ನಿಂದು. ಊಟ ಮಾಡು ಮೊದಲು."

ಹನ್ನೆರಡನೆಯ ದಿನ ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ನಮ್ಮೂರಿನ ಮೂಡಲ ಬಾಗಿಲು ಕಂಡಿತು. ಸುತ್ತು ಮುಗಿಸಿದವರು ಆ ಬಾಗಿಲಿನಿಂದ ಬಂದು ನೆಟ್ಟಗೆ ಶಾಲೆಯ ಮುಂದೆ ನಿಲ್ಲಬೇಕು. ಅದು ಪದ್ಧತಿ. ಮೊದಲ ಸುತ್ತಿನ ಗೆರೆ ಅಲ್ಲೇ ಮುಗಿಯಬೇಕು. ಊರವರು ಹೂವಿನ ಹಾರ, ಸುಣ್ಣ ಬಳಿದ ಕಲ್ಲು ಎಲ್ಲ ಸಿದ್ಧ ಮಾಡಿಕೊಂಡು ನಿಂತಿರುತ್ತಾರೆ. ದೂರದಿಂದಲೇ ಪಟೇಲರ ರುಮಾಲು ಕಂಡಿತು, ಮೇಷ್ಟ್ರ ಊರುಗೋಲು ಕಂಡಿತು. ನಾನು ಯಾರ ಗೆರೆಯನ್ನೂ ಹಿಡಿಯದೆ ಆ ಬೀದಿಗೆ ಸೈಕಲ್ಲಿನಲ್ಲಿ ಬರುತ್ತಿದ್ದದ್ದು ಅದೇ ಮೊದಲು. ಗಾಲಿ ಎಲ್ಲಿ ಹೋಗುತ್ತದೋ ಅದು ಅಲ್ಲಿ ಉಳಿಯುತ್ತದೆ.

ಅಡ್ಡಬೀದಿ ಬಂದಾಗ ಹ್ಯಾಂಡಲ್ಲು ತಿರುಗಿಸಿದೆ.

ಹಿಂದಿನಿಂದ ಪಟೇಲರು ಕೂಗುವುದು ಕೇಳಿಸಿತು: "ಅಮ್ಮಾ ವಾರಿಜಾ, ಶಾಲೆ ಈ ಕಡೆ." ಯಾರೋ ನಕ್ಕರು. ಇಮಾಂಬಕ್ಕ ಅಂಗಡಿಯ ಮುಂದೆ ಮಣೆ ಹಾಕಿಕೊಂಡು, ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದಳು. ನನ್ನ ಮುಂದಿನ ಗಾಲಿ ಅವಳ ಮಣೆಯ ಪಕ್ಕ ಹೋಗಿ ನಿಂತಿತು. ಅವಳು ಮೊದಲು ನೋಡಿದ್ದು ನನ್ನನ್ನಲ್ಲ, ಟೈರನ್ನು. ಹೆಬ್ಬೆರಳಿನಿಂದ ಒತ್ತಿದಳು, ಗಾಲಿ ಸುತ್ತಿಸಿ ಅಂಚು ನೋಡಿದಳು.

"ಎಲ್ಲಿ ಹಾಕಿದೆ?"

"ನೀನು ತಿರುಗಿದ ಜಾಗದಲ್ಲಿ."

ಅವಳ ಕೈ ಒಂದು ಕ್ಷಣ ನಿಂತಿತು. "ಇನ್ನೂ ಇದೆಯಾ ಅದು?"

"ಇದೆ. ಚೆನ್ನಾಗಿದೆ."

"ಆಗ ಮಂಡಿ ಗಟ್ಟಿ ಇತ್ತು. ರಾಗಿ ಗಾಡಿಯವರು ಬಂದು ಮೇಷ್ಟ್ರು ಕಲ್ಲು ಹರವಲ್ಲಿ ಕೂತವ್ರೆ ಅಂದ್ರು, ಹೊರಟೆ. ಈಗ ಆಗಲ್ಲ ಅಂತ ಮೊದಲೇ ಕಟ್ಟಿದೆ." ಬೋಗುಣಿಯ ನೀರಿಗೆ ಮತ್ತೆ ಟ್ಯೂಬು ಅದ್ದಿದಳು. "ಗಾಜು?"

"ಎರಡು ಹೋದವು. ನಿನ್ನ ಟೈರು ಹಾಕೋಕೆ ಮುಂಚೆ."

"ಎರಡೇ ತಾನೆ." ಆಮೇಲೆ ಬೀದಿಯ ಕಡೆ ನೋಡಿ ಅವಳ ಮುಖ ಬಿಗಿಯಾಯಿತು. ಮೂಡಲ ಬಾಗಿಲಿನಿಂದ ನೇರ ಬಂದ ಕನ್ನಡಕಗಳ ಸಾಲು, ಶಾಲೆಗೆ ಇನ್ನೂ ಇಪ್ಪತ್ತು ಗಜ ಇರುವಾಗ, ಬಲಕ್ಕೆ ಬಳುಕಿ ಅವಳ ಹೊಸ್ತಿಲಿಗೆ ಬಂದಿತ್ತು. "ಅಯ್ಯೋ ಹುಚ್ಚಿ. ಏನೇ ಮಾಡಿದೆ? ಅದು ಹೋಗಲ್ಲ ಕಣೇ. ಕೊನೇ ಗಳಿಗೇಲಿ ದಾರಿ ತಪ್ಪಿದ್ಲು ಅಂತಾರೆ ಜನ, ನಿನ್ನ ಕಾಲ ಆದ್ಮೇಲೂ ಅಂತಾರೆ."

"ಅನ್ನಲಿ ಅಕ್ಕ" ಎಂದೆ.

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಆಮೇಲೆ ಮಣೆಯನ್ನು ಎತ್ತಿ ಒಂದು ಮೊಳ ಹಿಂದಕ್ಕೆ, ಗೆರೆಯ ತುದಿ ತುಳಿಯದ ಹಾಗೆ, ಹಾಕಿಕೊಂಡು ಕೂತಳು.

ಇವತ್ತಿಗೂ ಅವಳು ಅಲ್ಲೇ ಕೂರುತ್ತಾಳೆ.